ಕಾಗದದ ಮೇಲೆ ತಂದೆಯಾಗಿದ್ದವನು

ಭಾಗಣ್ಣ ತೀರಿಕೊಂಡ. ಫೆಬ್ರುವರಿ ಹನ್ನೊಂದನೆಯ ತಾರೀಖು, ಬುಧವಾರ ಸಂಜೆ, ವಾಡಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಎದೆ ನೋಯುತ್ತದೆ ಎಂದ. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ವಯಸ್ಸು ನಲವತ್ತಾರು. ಮರುದಿನ ಮಧ್ಯಾಹ್ನ ಮಳಖೇಡದಲ್ಲಿ, ಕಾಗಿಣಾ ದಂಡೆಯಲ್ಲಿರುವ ಅವನ ಹಿರಿಯರ ಹೊಲದಲ್ಲಿ ಮಣ್ಣು ಮಾಡಿದೆವು.

ನಾವಿಬ್ಬರೂ ಮಳಖೇಡದ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ನಾನು ಓದಿ ಶಹಾಬಾದದ ಕಾಲೇಜಿನಲ್ಲಿ ಗ್ರಂಥಪಾಲಕನಾದೆ. ಅವನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಗೌಂಡಿ ಕೆಲಸ ಕಲಿತ. ಶಹಾಬಾದದ ಫರಸಿ ಕಲ್ಲು ಹಾಸುವುದರಲ್ಲಿ ಅವನ ಕೈ ಹೆಸರಾಗಿತ್ತು. ಸೇಡಂ, ಚಿತ್ತಾಪುರ, ಚಿಂಚೋಳಿವರೆಗೂ ಕರೆಸುತ್ತಿದ್ದರು. ಕಲ್ಲು ಹಾಸಿದ ಮೇಲೆ ಗಾರೆ ಬಳಿಯುವ ಥಾಪಿಯ ಹಿಡಿಕೆಯಿಂದ ಒಂದೊಂದನ್ನೂ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಪೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಹಾಸುತ್ತಿದ್ದ. ಒಮ್ಮೆ ಸೇಡಂನಲ್ಲಿ ಮರುದಿನ ಗೃಹಪ್ರವೇಶ ಇದ್ದ ಮನೆಯಲ್ಲಿ ನಾಲ್ಕು ಕಲ್ಲು ಎಬ್ಬಿಸಿದ. ಮನೆಯವರು ಕೂಗಾಡಿದರು. ಇವನು ಸುಮ್ಮನೆ ಗಾರೆ ಕಲಸುತ್ತಿದ್ದನಂತೆ.

ಅವನ ತಾಯಿ ಬೇಗ ಹೋದಳು. ಸಾಕಿದ್ದು ಅಕ್ಕ ಚಂದಮ್ಮ. ಚಂದಮ್ಮನನ್ನು ವಾಡಿಗೆ ಕೊಟ್ಟಿದ್ದರು; ಗಂಡ ಸಾಬಣ್ಣ ಸಿಮೆಂಟ್ ಚೀಲ ಹೊರುವ ಹಮಾಲ. ಮಗಳು ಸುಶ್ಮಿತಾ ಆರು ವರ್ಷದವಳಿದ್ದಾಗ ಅವನೂ ತೀರಿಕೊಂಡ. ಗಂಡ ಸತ್ತ ಕಾಗದ ಸರಿಯಾಗಿ ಸಿಗದೆ ಚಂದಮ್ಮನಿಗೆ ವಿಧವಾ ವೇತನ ಎರಡು ವರ್ಷ ಬರಲಿಲ್ಲ. ಕಚೇರಿಯ ಕಿಟಕಿಯ ಮುಂದೆ ನಿಂತು ನಿಂತು ಆಕೆ ಒಂದು ಪಾಠ ಕಲಿತಳು: ಕಚೇರಿಯವರು ಕೇಳಿದಾಗ ಅವರಿಗೆ ತಟ್ಟನೆ ತಿಳಿಯುವ ಉತ್ತರ ಕೊಡಬೇಕು, ತಿಳಿಯದ ಉತ್ತರ ಕೊಟ್ಟರೆ ನಾಳೆ ಬಾ ಎನ್ನುತ್ತಾರೆ. ಭಾಗಣ್ಣ ಅಂದಿನಿಂದ ಅಕ್ಕನ ಮನೆಯಲ್ಲೇ ಉಳಿದ.

ನಮ್ಮ ಕಡೆ ಅಕ್ಕನ ಮಗಳು ತಮ್ಮನಿಗೆ ಎಂಬುದು ಹುಟ್ಟಿದಾಗಲೇ ಆಗುವ ಮಾತು. ಸುಶ್ಮಿತಾಳ ತೊಟ್ಟಿಲ ದಿನವೂ ಆ ಮಾತು ಆಗಿತ್ತು. ಭಾಗಣ್ಣನಿಗೆ ಆಗ ಹದಿನೇಳು ವರ್ಷ. ಮುಂದೆ ಆಕೆ ಹದಿನೆಂಟಕ್ಕೆ ಬಂದಾಗ ಚಂದಮ್ಮ ಮುಹೂರ್ತದ ಮಾತೆತ್ತಿದಳು. ಇವನು ಹೈದರಾಬಾದಿಗೆ ಹೋಗಿ ಹುಡುಗಿಗೆ ನರ್ಸಿಂಗ್ ಸೀಟು ಮಾಡಿಸಿ ಬಂದ.

ನಾನು ಕೇಳಿದಾಗ ಹೇಳಿದ್ದು ಇಷ್ಟೇ: "ತೊಟ್ಟಿಲು ತೂಗೀನಿ, ಸಾಲಿಗಿ ಹೆಗಲ ಮ್ಯಾಲ ಹೊತ್ಕೊಂಡ್ ಹೋಗೀನಿ. ಅಕಿ ಕೊಳ್ಳಿಗಿ ತಾಳಿ ಹ್ಯಾಂಗ ಕಟ್ಲೋ, ಅಣವೀರ?"

ಹಾಗೆಂದು ಬೇರೆ ಹೆಣ್ಣನ್ನೂ ನೋಡಲಿಲ್ಲ. ನೋಡಲು ಅಕ್ಕ ಬಿಡಲಿಲ್ಲವೋ, ಇವನಿಗೇ ಬೇಡವಾಗಿತ್ತೋ, ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಾಗಲಿಲ್ಲ.

ಸುಶ್ಮಿತಾ ಹೈದರಾಬಾದಿನಲ್ಲೇ ನರ್ಸ್ ಆದಳು. ಅಲ್ಲಿ ಫಾರ್ಮಸಿ ಓದುತ್ತಿದ್ದ ಎಲಿಯಾ ಎಂಬ ತಾಂಜಾನಿಯಾ ದೇಶದ ಹುಡುಗನನ್ನು 2021ರ ಮಾರ್ಚ್‌ನಲ್ಲಿ ರಿಜಿಸ್ಟರ್ ಮದುವೆಯಾದಳು. ಮನೆಗೆ ಹೇಳಿದ್ದು ಬಸುರಾದ ಮೇಲೆ. ಚಂದಮ್ಮ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಎದ್ದು, "ಚೊಚ್ಚಲ ಬಾಣಂತನ ತವರಾಗೇ ಆಗಬೇಕು, ಕರ್ಕೊಂಡ್ ಬಾ," ಎಂದು ತಮ್ಮನನ್ನು ಕಳಿಸಿದಳು. ಅಳಿಯನನ್ನು ಮಾತ್ರ ಆಕೆ ಎಲ್ಲಯ್ಯ ಎಂದೇ ಕರೆದಳು, ಈಗಲೂ ಹಾಗೇ ಕರೆಯುತ್ತಾಳೆ.

ಮಗಳು ನೀಮಾ ಹುಟ್ಟಿದ್ದು 2022ರ ಮೇ ಹದಿನಾಲ್ಕರಂದು, ಸರ್ಕಾರಿ ದವಾಖಾನೆಯಲ್ಲಿ, ಆಪರೇಷನ್ ಮಾಡಿ. ಎಲಿಯಾ ಹೈದರಾಬಾದಿನಲ್ಲಿ ಕೊನೆಯ ಪರೀಕ್ಷೆ ಬರೆಯುತ್ತಿದ್ದ. ರಕ್ತ ಬೇಕಾಗಬಹುದು ಎಂದರು. ಭಾಗಣ್ಣ ತನ್ನ ಚೀಲವನ್ನು ಅಕ್ಕನ ಕೈಗೆ ಕೊಟ್ಟು ರಕ್ತ ಕೊಡಲು ಹೋದ. ಅದೇ ಹೊತ್ತಿಗೆ ಜನನ ದಾಖಲೆ ಬರೆದುಕೊಳ್ಳುವವರೊಬ್ಬರು ಬಂದು ಚಂದಮ್ಮನನ್ನು ಕೂಸಿನ ಅಪ್ಪನ ಹೆಸರು ಕೇಳಿದರು. ಸುಶ್ಮಿತಾ ಮಂಪರಿನಲ್ಲಿದ್ದಳು.

ಹೊರದೇಶದವರ ಕೂಸಿಗೆ ಇಲ್ಲಿ ಕಾಗದ ಸಿಗುವುದಿಲ್ಲ, ಮುಂದೆ ಪೊಲೀಸರು ಬಂದು ಕೂಸನ್ನೇ ಒಯ್ಯುತ್ತಾರೆ ಎಂದು ಯಾರೋ ಬಸ್ಸಿನಲ್ಲಿ ಚಂದಮ್ಮನಿಗೆ ಹೇಳಿದ್ದರು. ಅದು ಸುಳ್ಳು. ಆದರೆ ಆಕೆಯ ತಲೆಯಲ್ಲಿ ಅದು ಕೂತಿತ್ತು. ಆಕೆ ಹೇಳಿದಳು: "ಭಾಗಣ್ಣ." ಚೀಲದಲ್ಲಿದ್ದ ಅವನ ಆಧಾರ್ ಕಾರ್ಡನ್ನೂ ತೆಗೆದು ಕೊಟ್ಟಳು.

"ಇವ್ರು ನಿಮಗೇನಾಗ್ಬೇಕು?"

"ನನ್ನ ತಮ್ಮ."

"ಅಂದ್ರ ಮಗಳನ್ನ ತಮ್ಮಗೇ ಕೊಟ್ಟೀರಿ."

"ಹೂಂ."

ಬೇರೆ ಸೀಮೆಯಾಗಿದ್ದರೆ ಯಾರಾದರೂ ತಲೆಯೆತ್ತಿ ನೋಡುತ್ತಿದ್ದರು. ಇಲ್ಲಿ ಅದು ಪ್ರತಿ ಓಣಿಯ ಮಾತು. ಬರೆದುಕೊಂಡು ಹೋದರು.

ಆ ಕಾಗದ ತೊಟ್ಟಿಲ ಕಾರ್ಯಕ್ಕೆ ಮುಂಚೆ ಭಾಗಣ್ಣನ ಕೈಗೆ ಬಂತು. ತಂದೆಯ ಹೆಸರಿನ ಮುಂದೆ ತನ್ನ ಹೆಸರು ನೋಡಿದ. ಮಡಿಚಿ ಟ್ರಂಕಿನಲ್ಲಿಟ್ಟ. ಸುಶ್ಮಿತಾಳಿಗೆ ಹೇಳಲಿಲ್ಲ; ಮುಂದೆ ಆಧಾರ್, ಲಸಿಕೆ, ಅಂಗನವಾಡಿ ಎಂದು ಆ ಕಾಗದ ಬೇಕಾದ ಕಡೆಗೆಲ್ಲ ತಾನೇ ಹೋಗಿಬಂದ. ಅಕ್ಕನನ್ನು ಬೈಯಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಮುಂದೆ ಬಾಯಿಬಿಟ್ಟ:

"ಓದಿದಾಗ ನಂಗ ಖುಷಿ ಆತು. ಅಕ್ಕ ಮಾಡಿದ್ದು ಅಂಜಿಕೀಲೆ ಮಾಡಿದ್ದು. ನಂದು ಹಂಗಲ್ಲ. ಅಂದೇ ಹೋಗಿ ಹೇಳಿದ್ರ ಒಂದು ಗೆರಿ ಎಳದು ಮುಗಿಸ್ತಿದ್ರು. ಖುಷಿ ಆಗಿ ಸುಮ್ಮ ಕುಂತೆ."

ಎಲಿಯಾ ಪರೀಕ್ಷೆ ಮುಗಿಸಿ ಕೂಸು ನೋಡಲು ಬಂದ. ವಾಡಿ ಜಂಕ್ಷನ್ನಿನಲ್ಲಿ ಅವನನ್ನು ಎದುರುಗೊಂಡದ್ದು ಭಾಗಣ್ಣನೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೈದರಾಬಾದಿನ ಹಿಂದಿಯಲ್ಲಿ ಹೇಗೋ ಮಾತಾಡಿಕೊಂಡರು. ಚಂದಮ್ಮ ಬಾಗಿಲಲ್ಲಿ ಒಂದು ಗಳಿಗೆ ಗಟ್ಟಿಯಾಗಿ ನಿಂತಳು. ಆಮೇಲೆ ಕಾಲಿಗೆ ನೀರು ಕೊಟ್ಟಳು. ಅವನು ಜುಲೈನಲ್ಲಿ ತನ್ನ ದೇಶಕ್ಕೆ ಮರಳಿದ. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ತಪ್ಪದೆ ದುಡ್ಡು ಕಳಿಸುತ್ತಿದ್ದ, ವಾರಕ್ಕೆರಡು ಸಲ ಫೋನಿನಲ್ಲಿ ಮಗಳ ಮುಖ ನೋಡುತ್ತಿದ್ದ. ನೀಮಾ ಅವನನ್ನು ಅವನ ಭಾಷೆಯಲ್ಲಿ ಬಾಬಾ, ಅಂದರೆ ಅಪ್ಪ, ಎನ್ನಲು ಕಲಿತಳು. ಇತ್ತ ಚಂದಮ್ಮ ಭಾಗಣ್ಣನನ್ನು ತೋರಿಸಿ ಅಪ್ಪಾ ಎನ್ನಲು ಕಲಿಸಿದಳು. ಸುಶ್ಮಿತಾ ಬೇಡವೆಂದಳು. ಕೂಸು ಎರಡನ್ನೂ ಇಟ್ಟುಕೊಂಡಿತು.

ಊರಿನ ಬಾಯಿ ಸುಮ್ಮನಿರಲಿಲ್ಲ. ಮಾಣಿಕಪ್ಪನ ಚಹಾದಂಗಡಿಯಲ್ಲಿ ಒಮ್ಮೆ ನಾನೂ ಇದ್ದೆ. ಭಾಗಣ್ಣನ ತೊಡೆಯ ಮೇಲೆ ಕೂಸು ಖಾರೀ ಬಿಸ್ಕೀಟು ತಿನ್ನುತ್ತಿತ್ತು.

"ಏನೋ ಭಾಗಣ್ಣ, ಕೂಸಿನ ಕೂದ್ಲ ನೋಡಿದ್ರ ನಿಮ್ಮ ಮನಿತನದ್ದು ಅನ್ನಸ್ವಲ್ದಲ್ಲ," ಎಂದ ಮಾಣಿಕಪ್ಪ.

"ನಿನ್ನ ಮನಿತನದ ಕೂದ್ಲ ಹ್ಯಾಂಗದ ಅಂತ ತೋರ್ಸಪ್ಪ ಮೊದ್ಲ," ಎಂದ ಭಾಗಣ್ಣ. ಮಾಣಿಕಪ್ಪನ ತಲೆ ಹಂಚಿನಂತೆ ಬೋಳು. ಅಂಗಡಿಯೆಲ್ಲ ನಕ್ಕಿತು, ಮಾಣಿಕಪ್ಪನೂ ನಕ್ಕ. ಹೊರಗೆ ಬಂದ ಮೇಲೆ ನೋಡಿದೆ, ಭಾಗಣ್ಣ ನಗುತ್ತಿರಲಿಲ್ಲ.

2024ರಲ್ಲಿ ಎಲಿಯಾ ಮಗಳನ್ನು ತನ್ನ ಕುಟುಂಬದ ದಾಖಲೆಗೆ ಸೇರಿಸಲು ಅರ್ಜಿ ಹಾಕಿದ. ಸೇರಿಸಿದರೆ ಅವನ ಕೆಲಸದ ಕಡೆಯಿಂದ ಮಗುವಿಗೆ ಔಷಧೋಪಚಾರ, ಓದಿನ ನೆರವು ಎಲ್ಲ ಬರುತ್ತಿತ್ತು. ಜನನ ಪತ್ರ ಕಳಿಸಿ ಎಂದು ಸುಶ್ಮಿತಾಳಿಗೆ ಹೇಳಿದ. ಆಕೆ ಟ್ರಂಕು ತೆಗೆದಳು.

ಆ ದಿನ ಮನೆಯಲ್ಲಿ ಏನಾಯಿತೆಂದು ಭಾಗಣ್ಣ ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಸುಶ್ಮಿತಾ ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದು, "ಮಾಮಾ, ಇದು ನಿಂಗ ಗೊತ್ತಿತ್ತಾ?" ಎಂದಳಂತೆ. ಇವನು ಗೊತ್ತಿತ್ತು ಎಂದ. ಆಕೆ ಎಂಟು ದಿನ ಇವನೊಡನೆ ಮಾತಾಡಲಿಲ್ಲ.

ಆಗ ನಾನು ಕೊಟ್ಟ ಸಲಹೆ ನನಗೆ ಈಗಲೂ ನಾಚಿಕೆ ತರುತ್ತದೆ. "ಬಿಡು, ಅಪ್ಪ-ಅವ್ವ ಇಬ್ಬರೂ ಇಲ್ಲಿಯವರೆಂದು ಕಾಗದದಲ್ಲಿದೆ. ಮಗುವಿನ ಪೌರತ್ವಕ್ಕೆ ಅದಕ್ಕಿಂತ ಗಟ್ಟಿ ಯಾವುದಿದೆ? ಕೆದಕಬೇಡ," ಎಂದಿದ್ದೆ. ಭಾಗಣ್ಣ ಒಪ್ಪಿದಂತೆ ತಲೆಯಾಡಿಸಿದ. ಮರುವಾರ ಸುಶ್ಮಿತಾಳನ್ನು ಕರೆದುಕೊಂಡು ಚಿತ್ತಾಪುರಕ್ಕೆ, ತಸ್ಲೀಮ್ ವಕೀಲರ ಹತ್ತಿರ ಹೋದ. ನನ್ನನ್ನೂ ಕರೆದ.

ತಸ್ಲೀಮ್ ಮೇಡಂ ಕಾಗದಗಳನ್ನೆಲ್ಲ ಓದಿ ಕನ್ನಡಕ ತೆಗೆದರು.

"ಇವತ್ತು ಕೂಸಿನ ಅಪ್ಪ ತನ್ನ ಮನಸಿನಿಂದ ಕೊಡ್ಲಿಕತ್ತಾನ. ನಾಳೆ ಕೊಡಲಿಲ್ಲ ಅಂದ್ರ ಕೇಳಾಕ ಕೂಸಿಗಿ ಹಕ್ಕಿಲ್ಲ. ಕಾಗದದಾಗ ಅಪ್ಪ ನೀವು. ನಿಮ್ಮನ್ನೇ ಕೇಳ್ಬೇಕಾಗ್ತದ."

"ಕೇಳ್ಲಿ ಬಿಡ್ರಿ ಮೇಡಂ, ಕೊಡ್ತೀನಿ."

"ನೀವು ಇರೋತನ ಕೊಡ್ತೀರಿ, ಖರೆ."

ಭಾಗಣ್ಣ ಕೈ ಕಟ್ಟಿಕೊಂಡು ನಿಂತೇ ಇದ್ದ. "ಕುಂದ್ರಿ," ಎಂದರು ಅವರು. ಕೂತ.

"ನನ್ನ ಹೆಸರ ತಗದ್ರ ಕೂಸು ಯಾವ ದೇಶದ್ದು ಆಗ್ತದ್ರಿ?" ಎಂದು ಕೇಳಿದ.

"ನಮ್ಮ ದೇಶದ್ದೇ. ಇಲ್ಲಿ ಹುಟ್ಟೇದ, ಅವ್ವ ಇಲ್ಲಿಯಾಕಿ. ಅಪ್ಪ ಹೊರಗಿನವ ಇದ್ರೂ ನಡೀತದ. ಆದ್ರ ಒಂದು ಮಾತದ. ಕೂಸು ಹುಟ್ಟಿದ ದಿನ ಅವ್ರು ಇಲ್ಲಿ ಕಾಯ್ದೆ ಪ್ರಕಾರ ಇದ್ದಿರಬೇಕು. ವೀಸಾ ಅವಧಿ ಮುಗದಿತ್ತಂದ್ರ ಕೂಸಿನ ಪೌರತ್ವಕ್ಕೇ ಪೆಟ್ಟು ಬೀಳ್ತದ."

ಎಲಿಯಾ ಕಳಿಸಿದ ಪಾಸ್‌ಪೋರ್ಟಿನ ಪ್ರತಿಯನ್ನು ಮೇಡಂ ಇನ್ನೊಮ್ಮೆ ನೋಡಿದರು. ಅದರಲ್ಲಿದ್ದ ವೀಸಾ ಪರವಾನಗಿ 2022ರ ಏಪ್ರಿಲ್ ಮೂವತ್ತಕ್ಕೆ ಮುಗಿದಿತ್ತು. ನೀಮಾ ಹುಟ್ಟಿದ್ದು ಮೇ ಹದಿನಾಲ್ಕಕ್ಕೆ. ನಡುವೆ ಹದಿನಾಲ್ಕು ದಿನ.

ಸುಶ್ಮಿತಾ ಅಲ್ಲಿಯೇ ಫೋನು ಹಚ್ಚಿದಳು. ಪರೀಕ್ಷೆ ಇದ್ದುದರಿಂದ ಅವಧಿ ಹೆಚ್ಚಿಸಿಕೊಂಡಿದ್ದೆ, ಮಂಜೂರಾಗಿತ್ತು ಎಂದ ಎಲಿಯಾ. ಆ ಕಾಗದ ಫೋನಿನಲ್ಲಿತ್ತು, ಫೋನು ಊರಿಗೆ ಹೋಗುವ ದಾರಿಯಲ್ಲಿ ಕಳುವಾಗಿತ್ತು. ಒಂದು ಪ್ರತಿ ಕಾಲೇಜಿಗೂ ಹೋಗಿರಬೇಕು ಎಂದ.

"ಆ ಕಾಗದ ಸಿಗೋತನ ನಾ ಕೋರ್ಟಿಗಿ ಹೋಗೂದಿಲ್ಲ," ಎಂದರು ತಸ್ಲೀಮ್ ಮೇಡಂ. "ಸಿಗಲಿಲ್ಲಂದ್ರ ಆಮ್ಯಾಲ ನೋಡೋಣ."

ಭಾಗಣ್ಣನಿಗೆ ಆ ಕಾಗದ ಸಿಗದಿದ್ದರೆ ಚೆನ್ನಾಗಿತ್ತು ಎನಿಸಿತ್ತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ, ಅವನೇ ಹೇಳಿದ್ದು. ಸಿಗದಿದ್ದರೆ ಕೂಸಿನ ಹಿತಕ್ಕಾಗಿಯೇ ಅವನ ಹೆಸರು ಹಾಗೇ ಉಳಿಯುತ್ತಿತ್ತು. ಯಾರೂ ಅವನನ್ನು ದೂರುವಂತಿರಲಿಲ್ಲ. ಆದರೂ ಹುಡುಕಲು ಹೋದವನು ಅವನೇ. ಸುಶ್ಮಿತಾಳಿಗೆ ರಜೆ ಇರಲಿಲ್ಲ. ಆಕೆ ಆಗ ಶಹಾಬಾದದ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದಳು. ಎಲಿಯಾ ಬರೆದು ಕಳಿಸಿದ ಅಧಿಕಾರ ಪತ್ರದ ಪ್ರಿಂಟು ತೆಗೆದುಕೊಂಡು ಭಾಗಣ್ಣ ಕೆಲಸ ಬಿಟ್ಟು ಮೂರು ಸಲ ಹೈದರಾಬಾದಿಗೆ, ಎಲಿಯಾನ ಕಾಲೇಜಿಗೆ ಹೋದ. ಮೊದಲ ಸಲ ನೀವು ಯಾರು ಎಂದು ಬಾಗಿಲಲ್ಲೇ ತಿರುಗಿಸಿದರು. ಎರಡನೆಯ ಸಲ ಆ ಕಡತ ಗೋದಾಮಿನಲ್ಲಿದೆ ಎಂದರು. ಮೂರನೆಯ ಸಲ ಒಬ್ಬ ಮುದುಕ ಗುಮಾಸ್ತ, ಮಜೀದಸಾಬ ಎಂಬವರು, ಇವನ ಮಾತಿನ ಧಾಟಿ ಕೇಳಿ, "ಕಿಧರ್ ಕೆ? ಗುಲ್ಬರ್ಗಾ ಸೈಡ್?" ಎಂದು ಊರು ಕೇಳಿದರಂತೆ. ಅವರ ತಾಯಿಯ ತವರು ಚಿಂಚೋಳಿ. ಇಬ್ಬರೂ ಗೋದಾಮಿನ ಧೂಳಿನಲ್ಲಿ ಕೂತು ಮಧ್ಯಾಹ್ನದ ತನಕ ಕಟ್ಟು ಬಿಚ್ಚಿದರು.

ಕಾಗದ ಸಿಕ್ಕಿತು. ಮೇ ಆರರಂದು ಮಂಜೂರಾಗಿತ್ತು, ಜುಲೈ ಮೂವತ್ತೊಂದರವರೆಗೆ. ಓದಲು ಬಾರದ ಇಂಗ್ಲಿಷಿನಲ್ಲಿ ಆ ಎರಡು ತಾರೀಖುಗಳನ್ನು ಮಾತ್ರ ಅವನು ಗುರುತು ಹಿಡಿದಿದ್ದ. ರೈಲಿನಿಂದ ನನಗೆ ಫೋನು ಮಾಡಿ, "ಸಿಕ್ತೋ," ಎಂದ. ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ತಾಂಡೂರು ಸ್ಟೇಷನ್ ಬರುವ ತನಕ ಗಾಡಿಯ ಸದ್ದಷ್ಟೇ ಕೇಳಿತು.

ಮನೆಯಲ್ಲಿ ಚಂದಮ್ಮ ಮಾತ್ರ ಒಪ್ಪಲಿಲ್ಲ.

"ಬೆಳಿಸಿದವ ನೀ, ಬ್ಯಾನಿ ಬಂದಾಗ ಎತ್ಕೊಂಡ್ ಓಡಿದವ ನೀ. ಎಲ್ಲಯ್ಯ ಫೋನಿನಾಗ ನಗತಾನ, ಹೋಗ್ತಾನ. ನಾಳಿ ನಿನಗ ಯಾರೋ? ಸಾಯೂ ಹೊತ್ತಿಗಿ ಬಾಯಾಗ ನೀರು ಬಿಡೋರು ಯಾರು?"

"ಯಕ್ಕಾ, ಕೂಸಿಗಿ ಅಪ್ಪ ಇದ್ದಾನ. ಇದ್ದವನ್ನ ಇಲ್ಲ ಅಂತ ಬರಸೂದು ಬ್ಯಾಡ."

"ನನ್ನ ಜೈಲಿಗಿ ಹಾಕ್ತಾರಂತ, ಸುಳ್ಳು ಬರಸೀನಿ ಅಂತ."

"ಹಾಕಿದ್ರ ನಾನೂ ಬರ್ತೀನಿ. ಅಲ್ಲೂ ಫರಸಿ ಹಾಸೂದು ಇರ್ತದ."

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವನ ಬೆನ್ನಿಗೊಂದು ಗುದ್ದಿದಳು.

ಕಳೆದ ಸೆಪ್ಟೆಂಬರಿನಲ್ಲಿ ಸಾಕ್ಷಿ ನಡೆಯಿತು. ಹಿಂದಿನ ದಿನ ಅವನಿಗೆ ಒಂದು ಯೋಚನೆ ಬಂದಿತ್ತು: ಹೆಸರು ಬರೆಸಿದ್ದು ನಾನೇ ಎಂದು ಹೇಳಿಬಿಟ್ಟರೆ ಅಕ್ಕ ಉಳಿಯುತ್ತಾಳೆ. ತಸ್ಲೀಮ್ ಮೇಡಂ ಗದರಿದರು. ಆದದ್ದನ್ನು ಆದಂತೆ ಹೇಳಿ, ಮಿಕ್ಕದ್ದು ನನಗೆ ಬಿಡಿ ಎಂದರು. ಚಂದಮ್ಮ ಮೊದಲು ಹೇಳಿದಳು. ಅಂಜಿ ಹೇಳಿದೆನೆಂದು, ತಮ್ಮನಿಗೇ ಕೊಡುವ ಮಾತಾಗಿತ್ತೆಂದು, ಎಲ್ಲವನ್ನೂ. ಆಮೇಲೆ ಭಾಗಣ್ಣ ಕಟಕಟೆಗೆ ಬಂದ. ಒಗೆದ ಬಿಳಿ ಅಂಗಿ ಹಾಕಿದ್ದ. ಉಗುರಿನ ಸಂದಿಯ ಸಿಮೆಂಟು ಹೋಗಿರಲಿಲ್ಲ.

"ಈ ಮಗು ನಿಮ್ಮದೇ?" ಎಂದು ನ್ಯಾಯಾಧೀಶರು ಕೇಳಿದರು.

ಮೇಡಂ ಇವನತ್ತ ನೋಡಿದರು.

"ಅಲ್ರೀ ಸಾಹೇಬ್ರ. ಎಲಿಯಾ ಅಂತ ಇದ್ದಾರ, ಅವ್ರದ್ದು."

"ಹೆಸರು ತಪ್ಪು ಬರೆಸಿದ್ದಾರೆಂದು ನಿಮಗೆ ಯಾವಾಗ ಗೊತ್ತಾಯಿತು?"

"ಹದಿನೈದು ದಿನದ ಒಳಗ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳ್ಬೇಕಿತ್ರಿ. ಹೇಳಲಿಲ್ಲ."

ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು. ಮದುವೆಯ ಪತ್ರ, ಪರವಾನಗಿಯ ಪತ್ರ, ಎಲಿಯಾ ಅಲ್ಲಿನ ನಮ್ಮ ದೇಶದ ರಾಯಭಾರ ಕಚೇರಿಯ ಮೂಲಕ ಕಳಿಸಿದ ಪ್ರಮಾಣಪತ್ರ, ಎಲ್ಲವೂ ಸೇರಿದವು. ಡಿಸೆಂಬರಿನಲ್ಲಿ ತಿದ್ದುವಂತೆ ಆದೇಶವಾಯಿತು. ಚಂದಮ್ಮನಿಗೆ ಬುದ್ಧಿ ಹೇಳಿ ಬಿಟ್ಟರು. ಜನವರಿ ಕೊನೆಗೆ ಹೊಸ ಜನನ ಪತ್ರ ಕೈಗೆ ಬಂತು. ತಾಯಿ ಸುಶ್ಮಿತಾ, ಭಾರತೀಯಳು. ತಂದೆ ಎಲಿಯಾ, ತಾಂಜಾನಿಯಾ. ಸುಶ್ಮಿತಾ ಆ ಕಾಗದವನ್ನು ಮೊದಲು ಮಾಮನ ಕೈಗೇ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ಓದಿ, "ಛಲೋ ಆತವ್ವ," ಎಂದು ಮರಳಿ ಕೊಟ್ಟ.

ಅದೇ ವಾರ ಎಲಿಯಾ ಹೊಸ ಪತ್ರ ಇಟ್ಟು ಮತ್ತೆ ಅರ್ಜಿ ಹಾಕಿದ. ಅಲ್ಲಿ ನೀಮಾಳ ಹೆಸರು ಸೇರಿತು ಎಂಬ ಸುದ್ದಿ ಫೆಬ್ರುವರಿ ಒಂಬತ್ತಕ್ಕೆ ಬಂತು. ಮಗಳ ಪಾಸ್‌ಪೋರ್ಟಿಗೂ ಸುಶ್ಮಿತಾ ಕಾಗದ ಜೋಡಿಸತೊಡಗಿದಳು.

ಭಾಗಣ್ಣನಿಗೆ ಉಳಿದದ್ದು ಒಂದೊಂದೇ ಕಡೆ ಹೋಗಿ ತನ್ನ ಹೆಸರು ತೆಗೆಸುವ ಕೆಲಸ. ಯಾರೂ ಹೇಳಿರಲಿಲ್ಲ, ತಾನೇ ಹಚ್ಚಿಕೊಂಡ. ಪಡಿತರ ಚೀಟಿಯಲ್ಲಿ ತೆಗೆಸಿದ. ಕೂಸಿನ ಆಧಾರ್ ತಿದ್ದಿಸಲು ಒಂದು ದಿನ ಸಾಲಿನಲ್ಲಿ ನಿಂತ. ಲಸಿಕೆಯ ಕಾರ್ಡಿನಲ್ಲಿ ನರ್ಸಮ್ಮನಿಂದ ತಿದ್ದಿಸಿದ. ಕೊನೆಗೆ ಅಂಗನವಾಡಿ ಉಳಿಯಿತು.

ಫೆಬ್ರುವರಿ ಹನ್ನೊಂದರಂದು, ಅದೇ ಬುಧವಾರ, ಕೆಲಸದಿಂದ ಬೇಗ ಬಂದು, ಬಿಡುವ ಹೊತ್ತಿಗೆ ಅಂಗನವಾಡಿಗೆ ಹೋದ. ಅಲ್ಲಿಯ ಉಮಾದೇವಿ ಟೀಚರು ಮಣ್ಣಿಗೆ ಬಂದಾಗ ನನಗಿದನ್ನು ಹೇಳಿದರು. ಅವರು ಹೊಸ ಪತ್ರ ನೋಡಿ, ಪುಸ್ತಕದಲ್ಲಿ ಭಾಗಣ್ಣನ ಹೆಸರಿಗೆ ಕೆಂಪು ಗೆರೆ ಎಳೆದು, ಮೇಲೆ ಎಲಿಯಾನ ಹೆಸರು ಬರೆದರು. ಆಮೇಲೆ ಮಕ್ಕಳನ್ನು ಕರೆದೊಯ್ಯುವವರ ಪುಸ್ತಕ ತೆಗೆದರು.

"ಇದ್ರಾಗೂ ಅಪ್ಪ ಅಂತದ. ಈಗ ನೀವು ಕೂಸಿಗಿ ಏನಾಗ್ಬೇಕ್ರಿ?"

"ಅಕಿ ಅವ್ವಗ ನಾ ಸೋದರಮಾವ."

"ಹಂಗಂದ್ರ ಕೂಸಿಗಿ ಅಜ್ಜ, ಮುತ್ಯಾ ಆದ್ರಿ."

"ನಲವತ್ತಾರಕ್ಕೇ ಮುತ್ಯಾ ಮಾಡಿದ್ರಲ್ಲ ಟೀಚರ," ಎಂದು ನಕ್ಕನಂತೆ. ಪೆನ್ನು ತಾನೇ ಇಸಿದುಕೊಂಡ. ಹಳೆಯ ಶಬ್ದ ಹೊಡೆದು ಹಾಕಿ, ಮುತ್ಯಾ ಎಂದು ಬರೆದು, ಮುಂದೆ ರುಜು ಮಾಡಿದ.

ನೀಮಾ ಹೊರಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಎರಡೂ ಕೈ ಮೇಲೆತ್ತಿ, "ಅಪ್ಪಾ, ಎತ್ಕೋ," ಎಂದಳು.

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಮುತ್ಯಾ ಅನ್ನು. ಎತ್ಕೋತೀನಿ."

ಆಕೆ ಇಲ್ಲವೆಂದು ತಲೆಯಾಡಿಸಿದಳು. ಅವನು ಇನ್ನೊಮ್ಮೆ ಹೇಳಿದ. ಆಕೆ ಕೈ ಇಳಿಸಲಿಲ್ಲ, ಅನ್ನಲೂ ಇಲ್ಲ.

ಅವನು ಅವಳನ್ನು ಎತ್ತಿಕೊಂಡು ಮನೆಯವರೆಗೂ ಹೊತ್ತುಕೊಂಡೇ ಹೋದ.